ಬೆಳಗಿನ ಆರು ದನಿ

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಮದ್ದೂರಿನ ಸುತ್ತಮುತ್ತ ಪಂಪ್‌ಸೆಟ್ ಸುಟ್ಟರೆ ನನ್ನ ಬಳಿಗೆ ಬರುತ್ತದೆ. ಹಾಗಾಗಿ ಕಿವಿ ಕೇಳದ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿಯ ನರಕ್ಕೆ ಸದ್ದು ಮುಟ್ಟಿಸುವ ಸಾಧನ, ಕೂರಿಸಿದಾಗ ನನಗೆ ಮೊದಲು ಅರ್ಥವಾದದ್ದು ಅದರ ಕಾಯಿಲ್. ಚರ್ಮದ ಹೊರಗೊಂದು ಸುರುಳಿ, ಒಳಗೊಂದು ಸುರುಳಿ, ನಡುವೆ ತಂತಿಯಿಲ್ಲ. ಟ್ರಾನ್ಸ್‌ಫಾರ್ಮರ್‌ನಲ್ಲಿ ದಾಟುವಂತೆಯೇ ವಿದ್ಯುತ್ತು ದಾಟುತ್ತದೆ, ಜೊತೆಯಲ್ಲಿ ಸದ್ದಿನ ಸಂಕೇತವೂ. ತಿಳಿಯಲು ತಿಂಗಳುಗಟ್ಟಲೆ ಹಿಡಿದದ್ದು ಕಿವಿ.

ಕಾಕ್ಲಿಯಾ ಎಂದರೆ ಒಳಗಿವಿಯಲ್ಲಿರುವ ಬಟಾಣಿ ಗಾತ್ರದ, ಎರಡೂವರೆ ಸುತ್ತಿನ ಶಂಖ. ಅದರೊಳಗೆ ಸುಮಾರು 15,000 ರೋಮಕೋಶಗಳು. ಸದ್ದು ಬಂದಾಗ ಅವುಗಳ ರೋಮ ಬಾಗುತ್ತದೆ, ಬುಡದ ನರಕ್ಕೆ ಸುದ್ದಿ ಮುಟ್ಟುತ್ತದೆ. ಕೋಳಿಯ ಕಿವಿಯಲ್ಲಿ ಇವು ಸತ್ತರೆ ಮತ್ತೆ ಹುಟ್ಟುತ್ತವೆ. ನಮಗೆ ಆ ಭಾಗ್ಯವಿಲ್ಲ. ಮಗಳಿಗೆ ಹುಟ್ಟಿನಿಂದಲೇ ಇವು ಕೆಲಸ ಮಾಡುತ್ತಿರಲಿಲ್ಲ, ನರ ಮಾತ್ರ ಚೆನ್ನಾಗಿತ್ತು. ಸ್ವಿಚ್ ಹೋಗಿದೆ, ಲೈನ್ ಸರಿಯಿದೆ ಎನ್ನುತ್ತೇವಲ್ಲ, ಹಾಗೆ. ಅವಳ ಶಂಖದೊಳಗೆ ತೂರಿಸಿದ ಎಳೆಯಲ್ಲಿ 22 ಎಲೆಕ್ಟ್ರೋಡ್‌ಗಳಿವೆ. ಅವು ಕೆಟ್ಟ ಕೋಶಗಳನ್ನು ಬದಿಗೆ ಬಿಟ್ಟು ನರವನ್ನೇ ನೇರವಾಗಿ ತಟ್ಟುತ್ತವೆ. ಶಂಖದ ಬಾಯಿಯ ಬಳಿಯವು ಕೀರಲು ದನಿಗೆ, ಒಳಗಿನವು ದಪ್ಪ ದನಿಗೆ, ಹಾರ್ಮೋನಿಯಂ ಮನೆಗಳಂತೆ ಸಾಲಾಗಿ.

ಈ ಸಾಲಿನಲ್ಲಿ ಯಾವ ಮನೆ ನುಡಿಯುತ್ತಿದೆ, ಯಾವುದು ಕಟ್ಟಿಕೊಂಡಿದೆ ಎಂದು ನಾಲ್ಕು ವರ್ಷದ ಮಗು ಹೇಳುವುದಿಲ್ಲ. ಅದಕ್ಕೇ ಪ್ರತಿದಿನ ಪ್ರೊಸೆಸರ್ (ಸದ್ದನ್ನು ಹಿಡಿದು ಸಂಕೇತವಾಗಿಸುವ ಹೊರಗಿನ ಯಂತ್ರ) ಹಾಕಿದ ಕೂಡಲೇ ಆರು ದನಿಗಳ ಪರೀಕ್ಷೆ ಮಾಡಿ. ಡೇನಿಯಲ್ ಲಿಂಗ್ ಎಂಬವರು ರೂಪಿಸಿದ ಪರೀಕ್ಷೆ ಇದು: ಮ್, ಊ, ಆ, ಈ, ಶ್, ಸ್. ಮ್ ಎಲ್ಲಕ್ಕಿಂತ ದಪ್ಪ, ಸುಮಾರು 250 ಹರ್ಟ್ಸ್. ಸ್ 4,000 ದಾಟುತ್ತದೆ. ನಮ್ಮ ಮಾತಿನ ಹರವು ಹೆಚ್ಚುಕಡಿಮೆ ಈ ಎರಡರ ನಡುವೆ ಬರುತ್ತದೆ.

ಫ್ಯಾನ್, ಮಿಕ್ಸಿ, ಟಿವಿ ಆರಿಸಿ. ಮಗುವಿನ ಮುಂದೊಂದು ಬಟ್ಟಲು, ಕೈಯಲ್ಲಿ ಹತ್ತು ಹುಣಿಸೆ ಬೀಜ. ದನಿ ಕೇಳಿದಾಗ ಒಂದು ಬೀಜ ಹಾಕಬೇಕು. ಸ್ಟೀಲ್ ಬಟ್ಟಲು ಬೇಡ, ಬೀಜದ ಠಣ್ ಎನ್ನುವ ಸದ್ದೇ ಮುಂದಿನ ದನಿಯನ್ನು ನುಂಗುತ್ತದೆ. ಆಟ ಮುಗಿದ ಮೇಲೆ ಬೀಜ ಎಣಿಸಿ ಎತ್ತಿಡಿ, ಬಾಯಿಗೆ ಹೋದರೆ ಫಜೀತಿ.

ನೀವು ಎಲ್ಲಿ ನಿಲ್ಲುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ಎದುರು ಕುಳಿತರೆ ಮಗು ತುಟಿ ಓದುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದರೆ ಸ್ ಮಂಕಾಗುತ್ತದೆ. ನಾನು ಬುದ್ಧಿವಂತನಂತೆ ಬೆನ್ನ ಹಿಂದೆ ಬಗ್ಗಿ ನಿಲ್ಲುತ್ತಿದ್ದೆ. ಎರಡು ವಾರ ಆರಕ್ಕೆ ಆರೂ ಸರಿ, ನನಗೋ ಹಿಗ್ಗು. ಒಂದು ದಿನ ಕಾಯಿಲ್ ಕಳಚಿ ಅವಳ ಜಡೆಯ ಮೇಲೆ ಜೋತಾಡುತ್ತಿತ್ತು, ನಾನು ಗಮನಿಸಿರಲಿಲ್ಲ. ಆದರೂ ಸ್ ಎಂದಾಗ ಬೀಜ ಬಿತ್ತು! ಅವಳು ಕೇಳುತ್ತಿದ್ದುದು ನನ್ನ ದನಿಯನ್ನಲ್ಲ, ಕುತ್ತಿಗೆಗೆ ತಗಲುತ್ತಿದ್ದ ಉಸಿರನ್ನು. ಅಂದಿನಿಂದ ಇಂಪ್ಲಾಂಟ್ ಇರುವ ಪಕ್ಕದಲ್ಲಿ, ತುಸು ಹಿಂದೆ, ಒಂದು ಮೀಟರ್ ದೂರದಲ್ಲಿ ನಿಲ್ಲುತ್ತೇನೆ. ಆರೂ ಬಂದರೆ ಮೂರು ಮೀಟರ್‌ಗೆ ಸರಿಯುತ್ತೇನೆ.

ದನಿಗಳನ್ನು ಪ್ರತಿದಿನ ಬೇರೆ ಕ್ರಮದಲ್ಲಿ, ಮಾತಾಡುವಷ್ಟೇ ಗಟ್ಟಿಯಾಗಿ ಹೇಳಿ. ನಡುನಡುವೆ ಸುಮ್ಮನಿರಿ, ಒಮ್ಮೆ ಎರಡು ಸೆಕೆಂಡ್, ಒಮ್ಮೆ ಹತ್ತು. ಮೌನದಲ್ಲಿ ಬೀಜ ಬಿದ್ದರೆ ಮಗು ಊಹಿಸುತ್ತಿದೆ ಎಂದರ್ಥ. ಕೆಲವು ತಿಂಗಳಾದ ಮೇಲೆ ಬೀಜ ಬಿಟ್ಟು, ಕೇಳಿದ ದನಿಯನ್ನೇ ತಿರುಗಿ ಹೇಳಿಸಿ. ನಮ್ಮಲ್ಲಿ ಇಲ್ಲೊಂದು ತಕರಾರು ಎದ್ದಿತು: ನನ್ನ ಅಮ್ಮ ಶಂಕರನನ್ನು ಸಂಕರ ಎನ್ನುವವಳು. ಶ್ ಹೇಳಿಸುವ ಕೆಲಸ ಅವಳಿಗೆ ಕೊಟ್ಟ ದಿನ ಮೊಮ್ಮಗಳು ತಪ್ಪಿದ್ದಕ್ಕೆ ತಪ್ಪು ಮೊಮ್ಮಗಳದಲ್ಲ.

ಆರೂ ಹೋದರೆ ಬ್ಯಾಟರಿ, ಕೇಬಲ್, ಕಾಯಿಲ್ ನೋಡಿ. ಸ್ ಒಂದೇ ಹೋದರೆ ಮೈಕ್‌ನ ಮುಚ್ಚಳದಲ್ಲಿ ಬೆವರು, ಪೌಡರ್ ಕಟ್ಟಿರಬಹುದು, ಮುಚ್ಚಳ ಬದಲಿಸಿ. ರಾತ್ರಿ ಪ್ರೊಸೆಸರನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಂತೂ ತಪ್ಪಿಸಬೇಡಿ. ಇಷ್ಟಾದರೂ ಬರದಿದ್ದರೆ ಬಿಚ್ಚಬೇಡಿ. ಸ್ಕ್ರೂಡ್ರೈವರ್ ಹಿಡಿದು ಬದುಕುವವನ ಕೈ ಸುಮ್ಮನಿರುವುದಿಲ್ಲ, ನನಗೆ ಗೊತ್ತು, ಆದರೂ ಬೇಡ. ಯಾವ ದನಿ, ಎಷ್ಟು ದೂರ, ಯಾವತ್ತಿನಿಂದ ಎಂದು ಬರೆದುಕೊಂಡು ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಬಳಿಗೆ ಹೋಗಿ. ಯಾವ ಎಲೆಕ್ಟ್ರೋಡ್‌ಗೆ ಎಷ್ಟು ಕರೆಂಟ್ ಎಂದು ಹೊಂದಿಸುವುದು ಅವರ ಮ್ಯಾಪಿಂಗ್ ಕೆಲಸ. ನನ್ನ ಕ್ಯಾಲೆಂಡರಿನ ಗುರುತು ನೋಡಿದರೆ ಅವರಿಗೆ ಅರ್ಧ ಕೆಲಸ ಮುಗಿದಂತೆ.

ಆರು ದನಿ ಕೇಳಿದ ಮಾತ್ರಕ್ಕೆ ಮಾತು ಬಂದುಬಿಡುವುದಿಲ್ಲ. 15,000 ಕೋಶಗಳ ಜಾಗದಲ್ಲಿ 22 ತಟ್ಟುಗಳಿಂದ ಅರ್ಥ ಹುಡುಕುವುದು ಮಿದುಳಿನ ಪಾಲಿನ ದುಡಿಮೆ. ಎಳೆಯ ಮಿದುಳಿಗೆ ಅದು ಬೇಗ ಒಗ್ಗುತ್ತದೆ, ಆದರೆ ದಿನವಿಡೀ ಕೇಳಿಸಿಕೊಂಡರೆ ಮಾತ್ರ. ಪರೀಕ್ಷೆ ಐದು ನಿಮಿಷಕ್ಕೆ ಮುಗಿಸಿ ಅಡುಗೆಮನೆಗೆ ನಡೆಯಿರಿ. ಹಾಲು, ಹಲ್ಲು, ಕಾಲು, ಕಲ್ಲು. ನಮ್ಮವಳು ಮೊನ್ನೆ ಹಾಲು ಬೇಕಾ ಎಂದರೆ ಬಾಯಿ ತೆರೆದು ಹಲ್ಲು ತೋರಿಸಿದಳು. ನಾಳೆ ಅಲ್ಲಿಂದ ಶುರು.