ಮಣಿಪಾಲದ ಹತ್ತಿರ ಪಿಜಿ ಕಟ್ಟಿದೆವು: ಕೋಣೆಗಿಂತ ಮೊದಲು ಜಾಗ ನೋಡಿದ್ದು ಹೀಗೆ

ನನ್ನ ಅಕ್ಕನಿಗೂ ನನಗೂ ಪಾಲುಪಟ್ಟಿಯಲ್ಲಿ ಬಂದದ್ದು ಎರಡು ತುಂಡು ಜಾಗ. ಎರಡೂ ಮಣಿಪಾಲಕ್ಕೆ ಹತ್ತಿರ, ಉಡುಪಿ ನಗರಸಭೆಯ ಗಡಿಯೊಳಗೆ. ಒಂದು ರಸ್ತೆಗೆ ತಾಗಿದ ತಗ್ಗಿನ ಬೈಲು ಗದ್ದೆ, ಇನ್ನೊಂದು ಸ್ವಲ್ಪ ಒಳಗೆ ಎತ್ತರದ ಬೆಟ್ಟಿನಲ್ಲಿ 22 ಸೆಂಟ್ಸ್. ಬೈಲಿಗೆ ಮಣ್ಣು ತುಂಬಿಸಿ ಪಿಜಿ ಎಬ್ಬಿಸಿ ಎಂದವರೇ ಜಾಸ್ತಿ. ನಾವು ಬೆಟ್ಟಿನ ಜಾಗದಲ್ಲಿ ಕಟ್ಟಿದೆವು. ನೆಲಮಹಡಿ ಮತ್ತು ಮೇಲೊಂದು ಮಹಡಿ, 10 ಕೋಣೆ, 20 ಹೆಣ್ಣುಮಕ್ಕಳು. ನರ್ಸಿಂಗ್ ಓದುವವರು, ಲ್ಯಾಬ್‌ಗಳಲ್ಲಿ ದುಡಿಯುವವರು, ಶೋರೂಂ ಕೆಲಸಕ್ಕೆ ಹೋಗುವವರು ಎಲ್ಲ ಇದ್ದಾರೆ.

ನಾನು ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಇದ್ದವಳು. ಹಾಗಾಗಿ ಕಾಗದಪತ್ರ ಓದುವ ಅಭ್ಯಾಸ ಉಂಟು. ಈ ಕೆಲಸಕ್ಕೆ ಇಳಿದ ಮೇಲೆ ಒಂದು ವಿಷಯ ನನಗೆ ಗಟ್ಟಿಯಾಯಿತು. ಹಲವರು ಹಂಚಿಕೊಂಡು ಇರುವ ಮನೆಯ ಅಳತೆಯನ್ನು ಹೇಳಬೇಕಾದ್ದು ಜಾಗ. ಅಲ್ಲಿ ನೀರು ಎಷ್ಟು, ಕೊಳಚೆ ಎಲ್ಲಿಗೆ ಹೋಗುತ್ತದೆ, ದಾರಿ ಎಷ್ಟು ಅಗಲ ಅನ್ನುವುದರ ಮೇಲೆ ಮಂಚ ಎಷ್ಟು ಅನ್ನುವುದು ನಿಂತಿರಬೇಕು. ನಮ್ಮ ಊರಿನಲ್ಲಿ ಹೆಚ್ಚಾಗಿ ಮಂಚದ ಲೆಕ್ಕ ಮೊದಲು ಬರುತ್ತದೆ.

ಬೈಲನ್ನು ಯಾಕೆ ಬಿಟ್ಟೆವು ಎಂದು ಹೇಳುತ್ತೇನೆ. ಹಿರಿಯರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ನೀರು ನೋಡಿ. ಬೈಲು ತಗ್ಗಿನ ಜಾಗ. ಏಣೆಲು (ಮಳೆಗಾಲ), ಸುಗ್ಗಿ (ಚಳಿಗಾಲ), ಕೊಳಕೆ (ಬೇಸಿಗೆ) ಎಂಬ ಭತ್ತದ ಮೂರು ಬೆಳೆಗೂ ನೀರು ಸಿಗುವ ಕಡೆ. ಮಜಲಿನಲ್ಲಿ ಎರಡು ಬೆಳೆ, ಬೆಟ್ಟಿನಲ್ಲಿ ಮಳೆಗಾಲದ ಒಂದೇ. ಮೂರು ಬೆಳೆಗೆ ನೀರು ಕೊಡುವ ಜಾಗ ಮಳೆಗಾಲದಲ್ಲಿ ಸುತ್ತಲಿನ ಗುಡ್ಡದ ನೀರನ್ನೆಲ್ಲ ಹಿಡಿದುಕೊಳ್ಳುವ ಜಾಗವೂ ಹೌದು. ಅದಕ್ಕೆ ಮಣ್ಣು ತುಂಬಿದರೆ ಆ ನೀರು ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆ. 2020ರ ಸೆಪ್ಟೆಂಬರ್ 20ರ ನೆರೆಯನ್ನು ಉಡುಪಿಯವರು ಮರೆತಿಲ್ಲ. ಕಲ್ಸಂಕ, ಬೈಲಕೆರೆ ಕಡೆ ಮನೆಯೊಳಗೇ ನೀರು ಬಂದಿತ್ತು. ಅಂಥ ತಗ್ಗಿನಲ್ಲಿ ಕಟ್ಟಿ, ನೆಲಮಹಡಿಯಲ್ಲಿ ಪರ ಊರಿನ ಮಕ್ಕಳನ್ನು ಮಲಗಿಸಲು ನಮಗೆ ಮನಸ್ಸು ಬರಲಿಲ್ಲ.

ಮುಂದಿನದು ಮಹಾಯೋಜನೆ, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸಿದ ಮಾಸ್ಟರ್ ಪ್ಲಾನ್. ಜಾಗಕ್ಕೆ ಕೈ ಹಾಕುವ ಮೊದಲೇ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ, ಸರ್ವೆ ನಂಬರ್ ಕೊಟ್ಟು, ಇದು ಯಾವ ವಲಯ ಎಂದು ಬರವಣಿಗೆಯಲ್ಲಿ ಕೇಳಿದೆ. ನಕ್ಷೆಯಲ್ಲಿ ಹಳದಿ ಇದ್ದರೆ ವಸತಿ ವಲಯ. ಬೆಟ್ಟಿನ ಜಾಗ ಹಳದಿಯಲ್ಲಿತ್ತು, ಗದ್ದೆ ಕೃಷಿ ವಲಯದಲ್ಲಿ. ಬ್ರೋಕರ್‌ಗಳು "ಆ ಕಡೆ ಎಲ್ಲ ಯೆಲ್ಲೋ ಜೋನ್" ಎನ್ನುತ್ತಾರೆ. ಅದನ್ನು ನಂಬಬೇಡಿ. ಒಂದೇ ಸರ್ವೆ ನಂಬರಿನಲ್ಲಿ ಹಿಸ್ಸೆ (ಅದರ ಒಳಗಿನ ತುಂಡು) ಬದಲಾದರೆ ಬಣ್ಣವೂ ಬದಲಾಗಬಹುದು.

ಅದೇ ನಕ್ಷೆಯಲ್ಲಿ ಮುಂದೆ ಅಗಲ ಆಗಲಿರುವ ರಸ್ತೆಯ ಗೆರೆಯೂ ಇರುತ್ತದೆ. ನಮ್ಮ ಜಾಗದ ಎದುರು ಅಂಥ ಗೆರೆ ಇತ್ತು. ಆ ಪಟ್ಟಿಯನ್ನು ಬಿಟ್ಟುಕೊಟ್ಟು, ಉಳಿದ ಜಾಗಕ್ಕೆ ಪ್ಲಾನ್ ಮಾಡಿಸಿದೆವು. ಅಕ್ಕನಿಗೆ ಬೇಸರವಾಯಿತು. "ಅಪ್ಪ ಉಳಿಸಿಕೊಂಡು ಬಂದ ಜಾಗ, ಸುಮ್ನೆ ಕೊಡುದಾ?" ಎಂದಳು. ಆದರೆ 20 ಮಂದಿ ಮಲಗುವ ಕಟ್ಟಡಕ್ಕೆ ಆಂಬುಲೆನ್ಸ್ ಬರಲು, ಅಗ್ನಿಶಾಮಕ ಗಾಡಿ ತಿರುಗಲು ದಾರಿ ಬೇಕೇ ಬೇಕು, ಅಲ್ವಾ? ಕೊನೆಗೆ ಅವಳೇ ಹೋಗಿ ಸಹಿ ಹಾಕಿ ಬಂದಳು.

ಕೃಷಿ ವಲಯದ ಜಾಗವನ್ನು ವಸತಿಗೆ ಬದಲಾಯಿಸಲು ಕಾನೂನಿನಲ್ಲಿ ದಾರಿ ಉಂಟು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಅದಕ್ಕೇ ಇರುವುದು. ಆದರೆ ಆ ಪ್ರಸ್ತಾವವನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಜನರ ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಈ ಪ್ರಕಟಣೆಗಳನ್ನು ದಯವಿಟ್ಟು ಓದಿ. ನಮ್ಮ ಬೈಲಿನ ಮೇಲಿನ ಗದ್ದೆಯೊಂದಕ್ಕೆ ಹೀಗೆ ಅರ್ಜಿ ಬಂದಾಗ ನಾವು ಆಕ್ಷೇಪಣೆ ಕೊಟ್ಟೆವು. ಬರೀ "ಪರಿಸರ ಹಾಳಾಗುತ್ತದೆ" ಎಂದು ಬರೆಯಲಿಲ್ಲ. ತೋಡು (ಸಣ್ಣ ಹಳ್ಳ) ಯಾವ ಹಿಸ್ಸೆಯಿಂದ ಯಾವ ಹಿಸ್ಸೆಗೆ ಹರಿಯುತ್ತದೆ ಎಂದು ಸರ್ವೆ ನಕ್ಷೆಯ ಮೇಲೆ ಗುರುತು ಹಾಕಿ, ಮಳೆಗಾಲದ ಫೋಟೋ ಜೊತೆಗಿಟ್ಟು ಕೊಟ್ಟೆವು.

ಕಾಗದದ ದಾರಿ ಎಲ್ಲರಿಗೂ ಗೊತ್ತಿರುವುದೇ. ಬೇಗ ಹೇಳಿ ಮುಗಿಸುತ್ತೇನೆ. ಆರ್‌ಟಿಸಿಯಲ್ಲಿ (ಪಹಣಿ) ಹೆಸರು ಸರಿ ಇರಬೇಕು, ಪಾಲಾದ ತುಂಡನ್ನು ಅಳೆದು ಗುರುತಿಸುವ 11ಇ ನಕ್ಷೆ ಆಗಿರಬೇಕು. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಾಗವಾದರೆ ಪರಭಾರೆಯ (ಬೇರೆಯವರಿಗೆ ಮಾರುವ, ಕೊಡುವ) ಷರತ್ತನ್ನು ನೋಡಿಕೊಳ್ಳಬೇಕು. ವರ್ಗದ (ಪಟ್ಟಾ ಇರುವ ಸ್ವಂತ) ಜಾಗದ ಜೊತೆ ಅದಕ್ಕೆ ತಾಗಿದ ಕುಮ್ಕಿಯನ್ನೂ ತಮ್ಮದೇ ಎಂದು ತೋರಿಸಿ ಮಾರುವವರು ಇದ್ದಾರೆ. ಕುಮ್ಕಿ ಸರ್ಕಾರದ ಜಾಗ, ಅದರ ಮೇಲೆ ಕಟ್ಟಲಿಕ್ಕೆ ಆಗುವುದಿಲ್ಲ. ಆಮೇಲೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಕನ್ವರ್ಷನ್ (ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸುವುದು), ಪ್ರಾಧಿಕಾರದಿಂದ ಜಾಗವನ್ನು ಒಂದೇ ನಿವೇಶನವಾಗಿ ಒಪ್ಪುವ ಏಕ ನಿವೇಶನ ಅನುಮೋದನೆ, ನಗರಸಭೆಯಲ್ಲಿ ಖಾತೆ, ಕಟ್ಟಡ ಪರವಾನಗಿ. ಗಡಿ ದಾಟಿ ಪಂಚಾಯತ್ ವ್ಯಾಪ್ತಿಗೆ ಹೋದರೆ ಖಾತೆಯ ಬದಲು ಪಂಚಾಯತ್ ಕೊಡುವ ಆಸ್ತಿ ದಾಖಲೆ, 9/11 ನಮೂನೆ. ಈ ಸಾಲು ತಪ್ಪಿಸಿ ಮುಂದೆ ಓಡಿದವರ ಫೈಲು ಎಲ್ಲೋ ಒಂದು ಮೇಜಿನ ಮೇಲೆ ನಿಂತೇ ನಿಲ್ಲುತ್ತದೆ.

ಪ್ಲಾನ್ ಮಾಡುವಾಗ ಎಂಜಿನಿಯರ್ ಒಂದು ಮಾತು ಹೇಳಿದರು. "ಅಕ್ಕಾ, ಎರಡು ಸಂಸಾರದ ಮನೆ ಅಂತ ಹಾಕುವ. ಸುಲಭ ಆಗ್ತದೆ. ಒಳಗೆ ಯಾರು ಇರ್ತಾರೆ ಅಂತ ಯಾರು ನೋಡ್ತಾರೆ?" ನಾನು ಒಪ್ಪಲಿಲ್ಲ. ಹಾಸ್ಟೆಲ್ ಎಂದೇ ಬರೆಯಿರಿ ಎಂದೆ. ಮನೆ ಎಂದು ಅನುಮೋದನೆ ಪಡೆದು ಮಂಚ ತುಂಬಿಸಿದರೆ ಎರಡನೇ ಮೆಟ್ಟಿಲು, ಹೊರಗೆ ಓಡುವ ದಾರಿ, ಸೆಪ್ಟಿಕ್ ಟ್ಯಾಂಕಿನ ಗಾತ್ರ, ಗಾಡಿ ನಿಲ್ಲಿಸುವ ಜಾಗ ಎಲ್ಲವೂ ಮನೆಯ ಲೆಕ್ಕದಲ್ಲೇ ಉಳಿದುಬಿಡುತ್ತವೆ. ಬೆಂಕಿ ಬಿದ್ದ ದಿನ ಆ ಕಾಗದ ಯಾರನ್ನೂ ಕಾಯುವುದಿಲ್ಲ. ವಿಮೆಯವರು ಮೊದಲು ಕೇಳುವುದೇ ಮಂಜೂರಾದ ನಕ್ಷೆ. ನಾನು ಸಾಲದ ಫೈಲುಗಳಲ್ಲಿ ಇದನ್ನು ಸಾಕಷ್ಟು ನೋಡಿದ್ದೇನೆ.

ಈಗ ನೀರು. ನನ್ನ ಪ್ರಕಾರ ಇಡೀ ವಿಷಯದ ಬುಡ ಇದೇ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಾಕುತ್ತಾರೆ. 20 ಮಂದಿಗೆ 2,700 ಲೀಟರ್. ಐದು ಜನರ ಸಂಸಾರಕ್ಕೆ 675 ಲೀಟರ್ ಸಾಕು. ಅಂದರೆ ಒಂದು ಮನೆ ಇರಬೇಕಾದ ಜಾಗದಲ್ಲಿ ನಾವು ನಾಲ್ಕು ಮನೆಯ ನೀರು ಎಳೆಯುತ್ತೇವೆ, ನಾಲ್ಕು ಮನೆಯ ಕೊಳಚೆ ಬಿಡುತ್ತೇವೆ. ಉಡುಪಿಗೆ ನಲ್ಲಿ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. 2019ರ ಮೇ ತಿಂಗಳಿನಲ್ಲಿ ಅಲ್ಲಿ ನೀರು ತಳ ಕಂಡಾಗ ಊರಿಡೀ ಟ್ಯಾಂಕರ್ ಹಿಂದೆ ಬಿದ್ದಿತ್ತು. 2023ರಲ್ಲಿ ಮಳೆ ತಡವಾದಾಗ ಮತ್ತೆ ಅದೇ ಪಾಡು. ಹಾಗಾಗಿ ನಲ್ಲಿಯನ್ನೇ ನೆಚ್ಚಿ ಪಿಜಿ ಕಟ್ಟಬಾರದು ಎಂದು ನಿಶ್ಚಯಿಸಿದ್ದೆವು.

ನಮ್ಮ ಜಾಗದಲ್ಲಿ ಹಳೆಯ ಬಾವಿ ಇತ್ತು. ಅದರ ನೀರನ್ನು ನೋಡಬೇಕಾದ್ದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಆಗಸ್ಟ್‌ನಲ್ಲಿ ಇಲ್ಲಿನ ಯಾವ ಬಾವಿಯೂ ತುಂಬಿಯೇ ಇರುತ್ತದೆ, ಅದನ್ನು ನೋಡಿ ಜಾಗ ಕೊಳ್ಳುವುದು ಬೇಡ. ಬೇಸಿಗೆಯಲ್ಲಿ ಪಂಪ್ ಹಾಕಿ ಖಾಲಿ ಮಾಡಿಸಿ, ಒರತೆ ತುಂಬಲು ಎಷ್ಟು ಹೊತ್ತು ಬೇಕು ಎಂದು ನೋಡಿದೆವು. ಕೋಣೆ 10ಕ್ಕೆ ನಿಲ್ಲಿಸಿದ್ದು ಆ ಒರತೆಯನ್ನು ನೋಡಿಯೇ. ನಿಯಮದ ಪ್ರಕಾರ ಇನ್ನೂ ಒಂದು ಮಹಡಿ ಏರಿಸಬಹುದಿತ್ತು.

ಛಾವಣಿಯ ನೀರನ್ನು ಸೋಸಿ ಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟಿದ್ದೇವೆ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. 1,800 ಚದರ ಅಡಿ ಛಾವಣಿಗೆ 6 ಲಕ್ಷ ಲೀಟರಿಗೂ ಜಾಸ್ತಿ ನೀರು ಬೀಳುತ್ತದೆ. ಎಲ್ಲವೂ ಬೇಸಿಗೆವರೆಗೆ ಉಳಿಯುವುದಿಲ್ಲ, ಮುರಕಲ್ಲಿನ (ಇಲ್ಲಿನ ತೂತು ತೂತಾದ ಕೆಂಪು ಕಲ್ಲು) ಸಂದಿಯಲ್ಲಿ ಹರಿದು ಕೆಳಗೆ ಹೋಗುತ್ತದೆ. ಆದರೂ ಬಾವಿ ಈಗ ಮೊದಲಿಗಿಂತ ಸ್ವಲ್ಪ ತಡವಾಗಿ ಬತ್ತುತ್ತದೆ.

ನೀರು ಸುಲಭವಾಗಿ ಇಳಿಯುವ ಅದೇ ಮುರಕಲ್ಲಿನಲ್ಲಿ ಕೊಳಚೆಯೂ ಅಷ್ಟೇ ಸುಲಭವಾಗಿ ಇಳಿಯುತ್ತದೆ. ಒಳಚರಂಡಿ ನಗರದ ಎಲ್ಲ ಕಡೆಗೂ ತಲುಪಿಲ್ಲ, ನಮ್ಮ ಕಡೆಗೂ ಇಲ್ಲ. ಭಾರತೀಯ ಮಾನಕದ ಪ್ರಕಾರ ಇಂಗುವ ಕೊಳಚೆ ಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಬೇಕು. ಹೆಚ್ಚಿನವರು ಸ್ವಂತ ಬಾವಿಯಿಂದ ಅಳೆಯುತ್ತಾರೆ, ಪಕ್ಕದ ಮನೆಯ ಬಾವಿಯನ್ನು ಮರೆಯುತ್ತಾರೆ. ನಾವು ಸುತ್ತಲಿನ ಎಲ್ಲ ಬಾವಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಇಳಿಜಾರು ನೋಡಿ, ಗುಂಡಿಯನ್ನು ಕೆಳಗಿನ ಮೂಲೆಗೆ ಹಾಕಿದೆವು. ಸ್ನಾನದ ನೀರು, ಬಟ್ಟೆ ಒಗೆದ ನೀರು ಬೇರೆ ಪೈಪಿನಲ್ಲಿ ತೆಂಗು, ಬಾಳೆಗೆ ಹೋಗುತ್ತದೆ. ಹೀಗೆ ಬೇರೆ ಮಾಡಿದ್ದರಿಂದ ಟ್ಯಾಂಕಿಗೆ ಬೀಳುವ ನೀರು ಅರ್ಧಕ್ಕಿಂತ ಕಡಿಮೆ ಆಯಿತು.

ಪ್ಲಾನ್ ಹಿಡಿದುಕೊಂಡು ಅಕ್ಕಪಕ್ಕದ ಮನೆಗಳಿಗೂ ಹೋದೆವು. ಹುಡುಗಿಯರು ರಾತ್ರಿ ಬರುವುದು, ಬೈಕ್ ಸದ್ದು ಎಂದೆಲ್ಲ ಕೇಳಬಹುದು ಎಂದುಕೊಂಡಿದ್ದೆ. ಪಕ್ಕದ ಮನೆಯ ಹಿರಿಯರು ಕೇಳಿದ್ದೇ ಬೇರೆ. "ನೋಡಿ ಮಾರಾಯ್ರೆ, ಮಕ್ಕಳು ಇರ್ಲಿ, ಎಂತ ತೊಂದರೆ ಇಲ್ಲ. ನಮ್ಮ ಬಾವಿ ಹಾಳಾಗಬಾರದು, ಅಷ್ಟೆ." ಗುಂಡಿಯ ಜಾಗ ತೋರಿಸಿದೆ. ಪ್ರತಿ ಬೇಸಿಗೆ ನಮ್ಮ ಬಾವಿಯ ಜೊತೆ ಅವರ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸುತ್ತೇನೆ ಎಂದು ಮಾತು ಕೊಟ್ಟೆ. ಅದನ್ನು ನಡೆಸಿಕೊಂಡು ಬಂದಿದ್ದೇನೆ.

ನಡೆಸುವ ಕಡೆಯ ನಿಯಮಗಳು ಕಷ್ಟದವಲ್ಲ. ನಗರಸಭೆಯಿಂದ ಉದ್ದಿಮೆ ಪರವಾನಗಿ, ಅಡುಗೆ ಇದ್ದರೆ ಆಹಾರ ಸುರಕ್ಷತೆಯ ನೋಂದಣಿ, ಬಂದುಹೋಗುವವರ ದಾಖಲೆ. ಜಿಎಸ್‌ಟಿ ಬಗ್ಗೆ ಕೇಳುವವರಿಗೆ: 2024ರ ಜುಲೈಯಿಂದ, ತಿಂಗಳಿಗೆ ಒಬ್ಬರಿಗೆ 20,000 ರೂಪಾಯಿ ಮೀರದ ಬಾಡಿಗೆಯಲ್ಲಿ ಕನಿಷ್ಠ 90 ದಿನ ಎಡೆಬಿಡದೆ ಇರುವವರ ವಸತಿಗೆ ವಿನಾಯಿತಿ ಉಂಟು.

ಇನ್ನು ನಗರಸಭೆ, ಪ್ರಾಧಿಕಾರದಿಂದ ಆಗಬೇಕಾದ ಮಾತು. ಬೆಂಗಳೂರಿನ ಪಾಲಿಕೆ 2024ರಲ್ಲಿ ಪಿಜಿಗಳಿಗೆ ಮಾರ್ಗಸೂಚಿ ತಂದಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, 135 ಲೀಟರ್ ನೀರು, ಸಿಸಿಟಿವಿ, ಅಗ್ನಿ ಸುರಕ್ಷತೆ ಎಲ್ಲ ಅದರಲ್ಲಿ ಉಂಟು. ನಮಗೆ ಅದು ಅನ್ವಯಿಸುವುದಿಲ್ಲ. ಆದರೂ ನಾವು ಅದನ್ನೇ ಹಿಡಿದೆವು. 12 ಅಡಿಗೆ 12 ಅಡಿ ಕೋಣೆ 144 ಚದರ ಅಡಿ, ಇಬ್ಬರಿಗೆ ಸರಿ. 10ಕ್ಕೆ 12ರ ಕೋಣೆಯಲ್ಲಿ ಮೂರು ಮಂಚ ಹಾಕುವುದನ್ನು ಎಲ್ಲರೂ ನೋಡಿದ್ದೇವೆ. ಆ ಲೆಕ್ಕದಲ್ಲಿ ಅದು ಒಬ್ಬರ ಕೋಣೆ.

ನನಗೆ ಕರಾವಳಿಗೆ ಬೇರೆಯೇ ನಿಯಮ ಬೇಕು ಅನಿಸುತ್ತದೆ. ಬಾವಿ ಇಲ್ಲಿ ಮನೆಮನೆಗೂ ಉಂಟು, ಮಣ್ಣು ಬೇರೆ, ಮಳೆ ಬೇರೆ. ಮೇ ತಿಂಗಳ ಒರತೆ ಮತ್ತು ಕೊಳಚೆಯ ವ್ಯವಸ್ಥೆ ನೋಡಿ ಎಷ್ಟು ಮಂದಿ ಎಂದು ಪರವಾನಗಿಯಲ್ಲೇ ಬರೆಯಬೇಕು. ಆ ಸಂಖ್ಯೆಯನ್ನು ಬಾಗಿಲ ಬಳಿ ಬೋರ್ಡಿನಲ್ಲಿ ಹಾಕಬೇಕು. ಜೊತೆಗೆ ಕಾಲೇಜು, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ, ಬಸ್ ಇರುವ ರಸ್ತೆಯ ಬದಿಯಲ್ಲಿ, ಎತ್ತರದ ಜಾಗದಲ್ಲಿ ಹಂಚಿಕೊಂಡು ಇರುವ ಮನೆಗಳಿಗೆ ಜಾಗ ಗುರುತಿಸಿ ಒಳಚರಂಡಿಯನ್ನು ಮೊದಲು ಅಲ್ಲಿಗೆ ಒಯ್ಯಬೇಕು. ಜಾಗ ಗುರುತಿಸದೆ ಬಿಟ್ಟರೆ ಮಕ್ಕಳು ಬರುವುದು ನಿಲ್ಲುವುದಿಲ್ಲ, ಕಟ್ಟುವವರು ಅಗ್ಗದ ಬೈಲನ್ನೇ ಹುಡುಕಿಕೊಂಡು ಹೋಗುತ್ತಾರೆ.

ಇದನ್ನೆಲ್ಲ ಪ್ರಾಧಿಕಾರಕ್ಕೆ ಮನವಿಯಾಗಿ ಕೊಟ್ಟಿದ್ದೇನೆ. ಮಹಾಯೋಜನೆ ಪರಿಷ್ಕರಣೆಯ ಕರಡು ಪ್ರಕಟವಾದಾಗ ಅದೇ 1961ರ ಯೋಜನಾ ಕಾಯ್ದೆಯ 13ನೇ ಕಲಂ ಪ್ರಕಾರ ಜನರ ಅಭಿಪ್ರಾಯಕ್ಕೆ 60 ದಿನ ಇರುತ್ತದೆ. ಆಗ ನಿಮ್ಮ ವಾರ್ಡಿನ ತೋಡು, ಬೈಲು, ಬಾವಿಗಳನ್ನು ಸರ್ವೆ ನಂಬರ್ ಸಹಿತ ಬರೆದು ಕೊಡಿ. ಒಂದೇ ಪತ್ರಕ್ಕೆ ನೂರು ಜನ ಸಹಿ ಹಾಕುವುದಕ್ಕಿಂತ ಮನೆಗೊಂದು ಪತ್ರ ಬೇರೆ ಬೇರೆಯಾಗಿ ಹೋಗಲಿ. ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ತಾರೀಕು ಹಾಕಿಸಿಕೊಂಡೇ ಬನ್ನಿ.