ಅಪ್ಪನ ವಯಸ್ಸಿಂದ ಹತ್ತು ಕಳೆಯಿರಿ

ಅಪ್ಪ ಹೋದದ್ದು ‘ಹೊಟ್ಟೆ ಕಾಯಿಲೆ’ಯಿಂದ. ನಮ್ಮ ಮನೆಯಲ್ಲಿ ಹೇಳೋದೇ ಹಾಗೆ. ಮೊದಲು ಮೂಲವ್ಯಾಧಿ ಅಂದುಕೊಂಡು ನಾಟಿ ಔಷಧಿ ಕುಡಿದರು. ಕ್ಯಾನ್ಸರ್ ಅನ್ನೋ ಪದ ಅಮ್ಮನ ಬಾಯಲ್ಲಿ ಇವತ್ತಿಗೂ ಬರಲ್ಲ. ನಿಮ್ಮನೆಯಲ್ಲೂ ಹೀಗೇ ಇದ್ದರೆ ಡಾಕ್ಟರ ಹತ್ತಿರ ಹೋಗೋ ಮುಂಚೆ ಅಟ್ಟ ಹತ್ತಿ ಹಳೇ ರಿಪೋರ್ಟ್ ಹುಡುಕಿ.

ಅಪ್ಪನಿಗೆ ಆಗ ಐವತ್ತು ಅಂತ ಅಮ್ಮ ಹೇಳುತ್ತಿದ್ದರು. ಟ್ರಂಕಿನಲ್ಲಿ ಎಲ್‌ಐಸಿ ಬಾಂಡಿನ ಕೆಳಗೆ ಬಯಾಪ್ಸಿ ರಿಪೋರ್ಟ್ ಸಿಕ್ಕಿತು. ಅದರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಂತಿತ್ತು, ವಯಸ್ಸು 47. ಅಮ್ಮ ನೆನಪಿಟ್ಟುಕೊಂಡಿದ್ದು ತೀರಿಕೊಂಡಾಗಿನ ವಯಸ್ಸು. ನಮಗೆ ಬೇಕಾದ್ದು ಕಾಯಿಲೆ ಪತ್ತೆಯಾದಾಗಿನ ವಯಸ್ಸು.

ಲೆಕ್ಕ ಇಷ್ಟು. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಒಬ್ಬರಿಗೆ 60ರೊಳಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಅಥವಾ ಯಾವ ವಯಸ್ಸಿನಲ್ಲಾದರೂ ಇಬ್ಬರಿಗೆ ಬಂದಿದ್ದರೆ, ನಿಮಗೆ 40 ತುಂಬಿದಾಗ ಕೊಲೊನೋಸ್ಕೋಪಿ, ಅಂದರೆ ಹಿಂದಿನಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡೋ ಪರೀಕ್ಷೆ. ಅವರ ವಯಸ್ಸಿಂದ ಹತ್ತು ಕಳೆದರೆ 40ಕ್ಕಿಂತ ಕಡಿಮೆ ಬಂತಾ, ಆಗಲೇ ಹೋಗಬೇಕು. ಆಮೇಲೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ. ಬ್ಲೌಸ್ ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ 37 ಅಂತ ಬರೆದೆ. ನನಗಾಗಲೇ 39!

ಸೋದರತ್ತೆಗೂ ಫೋನ್ ಮಾಡಿದೆ. ಗರ್ಭಕೋಶದ ಕ್ಯಾನ್ಸರೂ ಕರುಳಿನ ಕ್ಯಾನ್ಸರೂ ಒಂದೇ ವಂಶದಲ್ಲಿ ಬರೋ ಲಿಂಚ್ ಸಿಂಡ್ರೋಮ್ ಅಂತ ಒಂದಿದೆ. ಅದಿದ್ದರೆ ಸಾಮಾನ್ಯವಾಗಿ 20–25ರಿಂದಲೇ, ವರ್ಷಕ್ಕೋ ಎರಡು ವರ್ಷಕ್ಕೋ ಕೊಲೊನೋಸ್ಕೋಪಿ. ಜೀನ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ಅತ್ತೆಯ ಗರ್ಭಕೋಶದಲ್ಲಿ ತೆಗೆಸಿದ್ದು ಬರೀ ಗಡ್ಡೆ ಅಂತೆ, ಕ್ಯಾನ್ಸರ್ ಅಲ್ಲ.

ನಮ್ಮ ಬೀದಿಯ ಡಾಕ್ಟರು “ಈ ವಯಸ್ಸಿಗೆ ಯಾಕಮ್ಮ, ಮಲ ಪರೀಕ್ಷೆ ಸಾಕು” ಅಂದುಬಿಟ್ಟರು. ಆ ಪರೀಕ್ಷೆ ಹಿಡಿಯೋದು ಕಣ್ಣಿಗೆ ಕಾಣದ ರಕ್ತವನ್ನ. ಪಾಲಿಪ್, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಕರುಳೊಳಗಿನ ಸಣ್ಣ ಗಂಟು, ಎಲ್ಲಾ ಸಲ ರಕ್ತ ಸುರಿಸಲ್ಲ. ಕೊಲೊನೋಸ್ಕೋಪಿಯಲ್ಲಿ ಕಂಡರೆ ಅಲ್ಲೇ ಕತ್ತರಿಸಿ ತೆಗೀತಾರೆ. ಅಪ್ಪನ ರಿಪೋರ್ಟ್ ಹಿಡಿದು ಹೊಟ್ಟೆ-ಕರುಳು ನೋಡೋ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ನಡೆದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು ಇದ್ದರೆ ಈ ಲೆಕ್ಕವೆಲ್ಲ ಬಿಟ್ಟು ಈಗಲೇ ತೋರಿಸಿ.

ಕಷ್ಟ ಇರೋದು ಪರೀಕ್ಷೆಯ ಹಿಂದಿನ ರಾತ್ರಿ. ಎರಡು ದಿನ ಮುಂಚಿನಿಂದಲೇ ರಾಗಿ, ಸೊಪ್ಪು, ಕಾಳು, ಬೀಜದ ತರಕಾರಿ ಬಂದ್. ಬಿಳಿ ಅನ್ನ, ಮೊಸರು, ಇಡ್ಲಿ. ಹಿಂದಿನ ದಿನ ಸೋಸಿದ ಎಳನೀರು, ಗಂಜಿತಿಳಿ, ಹಾಲಿಲ್ಲದ ಕಾಫಿ. ಕೆಂಪು ಶರಬತ್ತು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತೆ. ಕಬ್ಬಿಣಾಂಶದ ಮಾತ್ರೆ ಒಂದು ವಾರ ಮುಂಚೆ ನಿಲ್ಲಿಸಲು ಹೇಳ್ತಾರೆ. ಸಕ್ಕರೆ ಕಾಯಿಲೆಯದು, ರಕ್ತ ತೆಳು ಮಾಡೋದು ಮಾತ್ರ ಡಾಕ್ಟರನ್ನ ಕೇಳದೆ ಬಿಡಬೇಡಿ.

ಕರುಳು ಖಾಲಿ ಮಾಡೋಕೆ ಕೊಟ್ಟ ಭೇದಿ ಪುಡಿ ಎರಡು ಲೀಟರ್ ನೀರಿಗೆ. ಅರ್ಧ ಸಂಜೆ, ಅರ್ಧ ಬೆಳಗಿನ ಜಾವ. ಉಪ್ಪುಪ್ಪು ನಿಂಬೆ ರುಚಿ. ಫ್ರಿಜ್ಜಿನಲ್ಲಿಟ್ಟು ಸ್ಟ್ರಾದಲ್ಲಿ ಕುಡಿದರೆ ಇಳಿಯುತ್ತೆ. ಅದಕ್ಕಿಂತ ಮುಖ್ಯ, ಕಾವೇರಿ ನೀರು ಬರೋ ದಿನ ನೋಡಿ ಸಂಪು ತುಂಬಿಸಿಕೊಳ್ಳಿ. ನನಗಿದು ಹೊಳೆದದ್ದು ರಾತ್ರಿ ಹತ್ತಕ್ಕೆ ನಲ್ಲಿ ಕೆಮ್ಮಿದಾಗ. ಓನರ್ ಆಂಟಿ ಎರಡು ಬಿಂದಿಗೆ ಕೊಟ್ಟು ಮಾನ ಉಳಿಸಿದರು. ಬೆಳಿಗ್ಗೆ ಹೋಗೋದು ತಿಳಿ ಹಳದಿ ನೀರಾಗಿರಬೇಕು. ಕಂದು ಇದ್ದರೆ ಆಸ್ಪತ್ರೆಗೆ ಮೊದಲೇ ಹೇಳಿ.

ಪರೀಕ್ಷೆ ನನಗೆ ನೆನಪೇ ಇಲ್ಲ, ನಿದ್ದೆಗೆ ಇಂಜೆಕ್ಷನ್ ಕೊಟ್ಟಿದ್ದರು. ಜೊತೆಗೊಬ್ಬರು ಬೇಕು, ಅವತ್ತು ಗಾಡಿ ಓಡಿಸೋ ಹಾಗಿಲ್ಲ.

ಒಂದು ಸಣ್ಣ ಪಾಲಿಪ್ ಸಿಕ್ಕಿತು, ತೆಗೆದರು. ರಿಪೋರ್ಟಿನ ಫೋಟೋ ತಮ್ಮನಿಗೆ ಕಳಿಸಿದೀನಿ, ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ. ಭಾನುವಾರ ಊಟಕ್ಕೆ ಬರ್ತಾನೆ, ಅಳತೆ ಪುಸ್ತಕ ತೆಗೆದಿಟ್ಟಿದೀನಿ.