ಜಾಗ್ವಾರ್‌ನ ಹೊಟ್ಟೆಯೊಳಗಿನ ತಂತಿಗಳು: ಒಬ್ಬ ತಂತ್ರಜ್ಞನ ಅನುಭವ

ಭಾರತೀಯ ವಾಯುಪಡೆಯಲ್ಲಿ ನಾನು ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದೆ, ಅಷ್ಟೂ ವರ್ಷ ನೆಲದ ಮೇಲೆಯೇ ಇದ್ದೆ. ಅರಸೀಕೆರೆ ಕಡೆಯ ಹುಡುಗ ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಮನ್ ತರಬೇತಿ ಮುಗಿಸಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು, ಉತ್ತರ ಭಾರತದ ಒಂದು ಜಾಗ್ವಾರ್ ಯುದ್ಧವಿಮಾನ ಸ್ಕ್ವಾಡ್ರನ್ನಿಗೆ (ವಿಮಾನಗಳ ತುಕಡಿಗೆ) ಹೋಗಿ ಸೇರಿದಾಗ ಅವನಿಗೆ ಒಪ್ಪಿಸಿದ್ದು ವಿಮಾನದ ರೆಕ್ಕೆಯನ್ನೂ ಅಲ್ಲ, ಎಂಜಿನ್ನನ್ನೂ ಅಲ್ಲ. ದಿಕ್ಕು ತೋರಿಸುವ ಮತ್ತು ಗುರಿ ಹಿಡಿಯುವ ಪೆಟ್ಟಿಗೆಗಳನ್ನು ಹಾಗೂ ಅವುಗಳ ನಡುವೆ ಓಡುವ ತಂತಿಗಳನ್ನು. ವಾಯುಪಡೆಯನ್ನು ಆಧುನಿಕಗೊಳಿಸಬೇಕು ಎಂಬ ಮಾತು ಪತ್ರಿಕೆಯಲ್ಲಿ ಕಂಡಾಗಲೆಲ್ಲ ಜನರಿಗೆ ಹೊಸ ವಿಮಾನಗಳ ಚಿತ್ರ ಕಣ್ಣ ಮುಂದೆ ಬರುತ್ತದೆ. ನನಗೆ ಬರುವುದು ಬಣ್ಣ ಮಾಸಿದ ತಂತಿಯ ಕಟ್ಟು ಮತ್ತು ಖಾಲಿಯಾದ ಸ್ಟೋರ್ ಕಪಾಟು.

ಜಾಗ್ವಾರ್ ನಮ್ಮಲ್ಲಿಗೆ ಬಂದದ್ದು 1979ರಲ್ಲಿ. ಶತ್ರುವಿನ ಒಳನಾಡಿಗೆ ನೆಲಕ್ಕೆ ಅಂಟಿಕೊಂಡಂತೆ ಹಾರಿ, ಬಾಂಬು ಹಾಕಿ ಮರಳುವ ವಿಮಾನವೊಂದು ಬೇಕೆಂದು ವರ್ಷಗಟ್ಟಲೆ ಹುಡುಕಿ, 1978ರಲ್ಲಿ ಇದನ್ನು ಆರಿಸಲಾಗಿತ್ತು. ಮೊದಲ ತಂಡಗಳು ಬ್ರಿಟನ್ನಿನಿಂದ ಸಿದ್ಧವಾಗಿ ಬಂದವು, ಉಳಿದವು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ಮೊದಲು ಬಂದ ವಿಮಾನಗಳಲ್ಲಿದ್ದ ಪಥದರ್ಶಕ ವ್ಯವಸ್ಥೆಗೆ ನಾವ್‌ವಾಸ್ ಎಂದು ಹೆಸರು. ಅದರ ಹೃದಯ ತಿರುಗುವ ಗೈರೊಸ್ಕೋಪುಗಳ, ಅಂದರೆ ವಿಮಾನ ಎಷ್ಟು ತಿರುಗಿತೆಂದು ತಿಳಿಸುವ ಚಕ್ರಗಳ, ಒಂದು ವೇದಿಕೆ. ಹೊರಡುವ ಮುನ್ನ ವಿಮಾನ ಭೂಮಿಯ ಮೇಲೆ ಎಲ್ಲಿ ನಿಂತಿದೆ ಎಂಬುದನ್ನು ಅದಕ್ಕೆ ತಿಳಿಸಿ, ಅಲುಗಾಡಿಸದೆ ಬಿಟ್ಟು, ಉತ್ತರ ಯಾವ ಕಡೆ ಎಂಬುದನ್ನು ಅದು ತಾನೇ ಕಂಡುಕೊಳ್ಳುವ ತನಕ ಕಾಯಬೇಕಿತ್ತು. ಗಂಟೆಗೆ ಒಂದು ನಾಟಿಕಲ್ ಮೈಲಿಯ ಆಸುಪಾಸು ದಾರಿ ತಪ್ಪುವುದು ಆ ತಲೆಮಾರಿನ ಯಂತ್ರಗಳಿಗೆಲ್ಲ ಸಹಜವಾಗಿತ್ತು. ಪ್ರಯಾಣಿಕರ ವಿಮಾನಕ್ಕೆ ಅದು ದೊಡ್ಡ ದೋಷವಲ್ಲ, ಆದರೆ ಒಂದು ಸೇತುವೆಯನ್ನು ಹುಡುಕಿಕೊಂಡು ಹೋಗುವವನಿಗೆ ಒಂದು ಮೈಲಿ ಎಂದರೆ ಬೇರೆಯೇ ಊರು.

ಆ ಕೊರತೆಯನ್ನು ತುಂಬಲು 1980ರ ದಶಕದಲ್ಲಿಯೇ ನಮ್ಮವರು ಡೇರಿನ್ ಎಂಬ ವ್ಯವಸ್ಥೆಯನ್ನು ಜೋಡಿಸಿದರು. ಪೆಟ್ಟಿಗೆಗಳು ಫ್ರಾನ್ಸಿನವು, ಬ್ರಿಟನ್ನಿನವು, ಆದರೆ ಅವನ್ನು ಒಂದಕ್ಕೊಂದು ಮಾತಾಡುವಂತೆ ಮಾಡಿದ ಕೆಲಸ ಇಲ್ಲಿಯದು. ಹೊಸ ವಿಮಾನವನ್ನು ಕೊಳ್ಳುವುದಕ್ಕಿಂತ ಇದು ದೊಡ್ಡ ವಿಷಯವೆಂದು ನಾನು ಈಗಲೂ ನಂಬಿದ್ದೇನೆ. ಜೋಡಣೆಯನ್ನು ಕಲಿತವನು ಮುಂದಿನ ಸಲ ಪೆಟ್ಟಿಗೆಯನ್ನು ಬದಲಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ನಾನು ಸೇರಿದಾಗ ನನ್ನ ಪಾಲಿಗೆ ಬಂದದ್ದು ಈ ಮೊದಲ ಡೇರಿನ್. ಅದರಲ್ಲಿ ಕೋಮೆಡ್ ಎಂಬ ಒಂದು ಪರದೆಯಿತ್ತು. ಇಂದಿನ ಹುಡುಗರಿಗೆ ಹೇಳಿದರೆ ನಗುತ್ತಾರೆ: ಅದರೊಳಗಿದ್ದ ನಕ್ಷೆ ಫಿಲ್ಮಿನ ಸುರುಳಿಯ ಮೇಲೆ ಇರುತ್ತಿತ್ತು. ವಿಮಾನ ಮುಂದೆ ಸಾಗಿದಂತೆ ಒಳಗಿನ ಮೋಟಾರು ಫಿಲ್ಮನ್ನು ಸರಿಸುತ್ತಿತ್ತು, ಬೆಳಕು ಅದನ್ನು ಪರದೆಯ ಮೇಲೆ ಮೂಡಿಸುತ್ತಿತ್ತು, ಕ್ಯಾಥೋಡ್ ಕೊಳವೆ ಅದರ ಮೇಲೆ ಗೆರೆ ಮತ್ತು ಅಂಕಿಗಳನ್ನು ಬರೆಯುತ್ತಿತ್ತು. ತನ್ನ ಕಾಲಕ್ಕೆ ಅದು ಬಹಳ ಚೆನ್ನಾದ ಯಂತ್ರ. ಆದರೆ ಹೊಸದೊಂದು ರಸ್ತೆಯನ್ನೋ ಹೈಟೆನ್ಷನ್ ತಂತಿಯ ಕಂಬವನ್ನೋ ಆ ನಕ್ಷೆಗೆ ಸೇರಿಸಬೇಕೆಂದರೆ ಹೊಸ ಫಿಲ್ಮೇ ಆಗಬೇಕು. ನೂರೈವತ್ತು ಅಡಿ ಎತ್ತರದಲ್ಲಿ ಹಾರುವ ಪೈಲಟ್‌ಗೆ ಆ ಕಂಬ ನಕ್ಷೆಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ವರ್ಷಗಳು ಕಳೆದಂತೆ ಸಮಸ್ಯೆ ನಕ್ಷೆಯದಾಗಿ ಉಳಿಯಲಿಲ್ಲ. ತಯಾರಕರು ಆ ತಲೆಮಾರಿನ ಬಿಡಿಭಾಗಗಳನ್ನು ಮಾಡುವುದನ್ನು ನಿಲ್ಲಿಸುತ್ತ ಬಂದರು. ಒಂದು ಚಿಪ್ಪು ಕೆಟ್ಟರೆ ಇಡೀ ಕಾರ್ಡು ಮೂಲೆ ಸೇರುತ್ತಿತ್ತು, ಕಾರ್ಡು ಮೂಲೆ ಸೇರಿದರೆ ಪೆಟ್ಟಿಗೆ ಕಪಾಟಿನಲ್ಲಿ ಕೂರುತ್ತಿತ್ತು, ಪೆಟ್ಟಿಗೆ ಇಲ್ಲದಿದ್ದರೆ ವಿಮಾನ ಹ್ಯಾಂಗರಿನಲ್ಲಿ ನಿಲ್ಲುತ್ತಿತ್ತು. ಆಗ ನಾವು ಮಾಡುತ್ತಿದ್ದುದು, ಜಗತ್ತಿನ ಎಲ್ಲ ವಾಯುಪಡೆಗಳೂ ಗುಟ್ಟಾಗಿ ಮಾಡುವುದು, ದೀರ್ಘ ರಿಪೇರಿಗೆ ನಿಂತ ವಿಮಾನದಿಂದ ಪೆಟ್ಟಿಗೆಯನ್ನು ಕಿತ್ತು ಹಾರಬೇಕಾದ ವಿಮಾನಕ್ಕೆ ಹಾಕುವುದು. ನಮ್ಮ ಭಾಷೆಯಲ್ಲಿ ಅದಕ್ಕೆ 'ರಾಬ್ ಮಾಡುವುದು' ಎಂದೇ ಹೆಸರು. ಇದರಲ್ಲಿ ಒಂದು ಕೆಲಸಕ್ಕೆ ನಾಲ್ಕು ಕೆಲಸ: ಅಲ್ಲಿ ಬಿಚ್ಚಬೇಕು, ಇಲ್ಲಿ ಹಾಕಬೇಕು, ಆಮೇಲೆ ಇಲ್ಲಿಂದ ಬಿಚ್ಚಿ ಅಲ್ಲಿಗೆ ಮರಳಿಸಬೇಕು. ಪ್ರತಿ ಸಲವೂ ಕನೆಕ್ಟರಿನ ಪಿನ್ನುಗಳು ಸವೆಯುತ್ತವೆ, ತಂತಿ ಬಾಗುತ್ತದೆ, ಹೊದಿಕೆ ಬಿರಿಯುತ್ತದೆ. ಪೆಟ್ಟಿಗೆಯ ಕೊರತೆಗೆಂದು ಮಾಡಿದ ಉಪಾಯವೇ ತಂತಿಯ ರೋಗವಾಗುತ್ತಿತ್ತು. ವಿಮಾನವನ್ನು ಹೊಸದು ಮಾಡುವುದನ್ನು ಐದು ವರ್ಷ ಮುಂದೂಡಿದರೆ ದುಡ್ಡು ಉಳಿಯುತ್ತದೆ ಎನ್ನುವ ಲೆಕ್ಕಪತ್ರದಲ್ಲಿ ಈ ನಾಲ್ಕು ಪಟ್ಟು ಕೆಲಸಕ್ಕೆ ಕಾಲಮ್ಮೇ ಇರುವುದಿಲ್ಲ.

ಜಾಗ್ವಾರ್ ಹಾರಿಸುತ್ತಿದ್ದ ಇತರರು ಒಬ್ಬೊಬ್ಬರಾಗಿ ಅದನ್ನು ಕೈಬಿಟ್ಟರು. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ. ಕೊನೆಗೆ ಉಳಿದವರು ನಾವೊಬ್ಬರೇ. ಎಲ್ಲರೂ ಮುಗಿಸಿ ಎದ್ದುಹೋದ ಪಂಕ್ತಿಯಲ್ಲಿ ಒಬ್ಬನೇ ಕೂತು ಉಣ್ಣುವವನಿಗೆ ಬಡಿಸುವವರು ಯಾರು? ನಿವೃತ್ತ ಜಾಗ್ವಾರ್‌ಗಳ ದೇಹಗಳನ್ನು ಬಿಡಿಭಾಗಕ್ಕಾಗಿ ಫ್ರಾನ್ಸ್‌ನಿಂದ, ಒಮಾನ್‌ನಿಂದ ತರಿಸಿಕೊಳ್ಳಬೇಕಾಗಿ ಬಂದದ್ದು ಅದಕ್ಕೇ.

ಎರಡನೆಯ ಡೇರಿನ್ ಕೆಲಸ ನಡೆಯುವಾಗ, 2000ರ ದಶಕದಲ್ಲಿ, ಹೊಸ ವ್ಯವಸ್ಥೆಯನ್ನು ಕಲಿಯಲು ನನ್ನನ್ನು ಕೆಲವು ತಿಂಗಳು ಬೆಂಗಳೂರಿಗೆ ಕಳುಹಿಸಿದರು. ಅಲ್ಲಿ ನಾನು ಮೊದಲ ಬಾರಿಗೆ ನನ್ನ ವಿಮಾನವನ್ನು ಪೂರ್ತಿ ಬಿಚ್ಚಿದ ಸ್ಥಿತಿಯಲ್ಲಿ ನೋಡಿದೆ. ಕಾಕ್‌ಪಿಟ್ಟಿನ ಹಿಂಭಾಗದಿಂದ ಹಳೆಯ ತಂತಿಗಳ ಕಟ್ಟನ್ನು ಹೊರಗೆಳೆದು ನೆಲದ ಮೇಲೆ ಹಾಸಿದಾಗ ಅದು ಮಳೆಗಾಲದಲ್ಲಿ ಬುಡಸಮೇತ ಕಿತ್ತ ಮರದ ಬೇರಿನ ಹಾಗಿತ್ತು. ಇಪ್ಪತ್ತು ವರ್ಷಗಳಲ್ಲಿ ಯಾರ್‍ಯಾರೋ ಸೇರಿಸಿದ ತುಂಡುಗಳು, ಯಾವ ನಕಾಶೆಯಲ್ಲೂ ಇಲ್ಲದ ಒಂದೆರಡು ಗಂಟುಗಳು, ಎರಡೂ ತುದಿ ಎಲ್ಲಿಗೂ ಸೇರದ ಒಂದು ತಂತಿ. ಹೊಸ ಪೆಟ್ಟಿಗೆಗಳನ್ನು ಹಾಕುವುದಕ್ಕಿಂತ ಈ ಹಳೆಯದನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ ಹೆಚ್ಚು ದಿನ ಹಿಡಿಯಿತು. ಹೊಸದರಲ್ಲಿ ತಿರುಗುವ ಗೈರೊ ಬದಲು ಬೆಳಕಿನ ಗೈರೊ: ಮುಚ್ಚಿದ ದಾರಿಯೊಂದರಲ್ಲಿ ಎರಡು ಲೇಸರ್ ಕಿರಣಗಳು ಎದುರುಬದುರಾಗಿ ಸುತ್ತುತ್ತವೆ, ವಿಮಾನ ತಿರುಗಿದಾಗ ಅವುಗಳ ನಡುವೆ ಹುಟ್ಟುವ ಸೂಕ್ಷ್ಮ ವ್ಯತ್ಯಾಸವನ್ನು ಅಳೆದು ಎಷ್ಟು ತಿರುಗಿತೆಂದು ಹೇಳಲಾಗುತ್ತದೆ. ಸವೆಯುವುದಕ್ಕೆ ಅಲ್ಲಿ ಬೇರಿಂಗೇ ಇಲ್ಲ. ಜೊತೆಗೆ ಜಿಪಿಎಸ್ ಇದ್ದುದರಿಂದ ಗಂಟೆಗೊಂದು ಮೈಲಿಯ ತಪ್ಪು ಬೆಳೆಯುವ ಮೊದಲೇ ತಿದ್ದಿಹೋಗುತ್ತಿತ್ತು.

ಪೆಟ್ಟಿಗೆಗಳ ನಡುವಿನ ಮಾತುಕತೆಯೆಲ್ಲ 1553 ಎಂಬ ಬಸ್ಸಿನ ಮೇಲೆ. ಬಸ್ಸೆಂದರೆ ಹೆಣೆದ ಎರಡು ತಂತಿ, ಸುತ್ತ ಲೋಹದ ಕವಚ, ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟುಗಳ ವೇಗ. ಇಂದಿನ ಮೊಬೈಲಿನ ಮುಂದೆ ಅದು ಎತ್ತಿನಗಾಡಿ, ಆದರೆ ಹೇಳಿದ ಮಾತನ್ನು ಹೇಳಿದ ಹೊತ್ತಿಗೆ ತಲುಪಿಸುವ ಎತ್ತಿನಗಾಡಿ. ಒಂದು ಬಸ್ಸು ಕೈಕೊಟ್ಟರೆ ಇರಲಿ ಎಂದು ಅದಕ್ಕೆ ಸಮಾನಾಂತರವಾಗಿ ಇನ್ನೊಂದು: ಎ ಮತ್ತು ಬಿ. ನನ್ನ ವೃತ್ತಿಯ ಅತ್ಯಂತ ನಾಚಿಕೆಯ ಪ್ರಸಂಗ ಈ ಎರಡು ಬಸ್ಸುಗಳಿಗೆ ಸಂಬಂಧಿಸಿದ್ದು.

ಸ್ಕ್ವಾಡ್ರನ್ನಿಗೆ ಮರಳಿದ ಮೇಲೆ ಒಂದು ವಿಮಾನದಲ್ಲಿ ಸಣ್ಣ ಮಾರ್ಪಾಡೊಂದನ್ನು ನಾನೇ ಮಾಡಿ ಸಹಿ ಹಾಕಿದ್ದೆ. ಕೆಲವು ವಾರಗಳ ನಂತರ ಆ ವಿಮಾನದ ಪೈಲಟ್ ಅದರ ದಾಖಲೆ ಪುಸ್ತಕವಾದ ಫಾರ್ಮ್ 700ರಲ್ಲಿ ಒಂದು ಸ್ನ್ಯಾಗ್, ಅಂದರೆ ದೋಷದ ದೂರು, ಬರೆದರು: ಜೋರಾಗಿ ತಿರುಗುವಾಗ ಎದುರಿನ ಗಾಜಿನ ಮೇಲಿನ ಚಿಹ್ನೆಗಳು ಕಣ್ಣು ಮಿಟುಕಿಸಿದಂತೆ ಮಾಯವಾಗಿ ಬರುತ್ತವೆ. ನೆಲದ ಮೇಲೆ ಪರೀಕ್ಷೆ ಮಾಡಿದೆವು, ಎಲ್ಲ ಸರಿ. 'ದೋಷ ಕಂಡುಬಂದಿಲ್ಲ' ಎಂದು ಬರೆದು ಬಿಟ್ಟೆವು. ಮತ್ತೆ ಅದೇ ದೂರು. ಪೆಟ್ಟಿಗೆ ಬದಲಿಸಿದೆವು. ಮತ್ತೆ ಅದೇ. ಎರಡನೆಯ ಪೆಟ್ಟಿಗೆಯನ್ನೂ ಬದಲಿಸಿದ ಮೇಲೆ ನಮ್ಮ ವಾರಂಟ್ ಆಫೀಸರ್, ಮಾತು ಕಡಿಮೆಯ ಮನುಷ್ಯ, "ಪೆಟ್ಟಿಗೆಯನ್ನು ಬಿಡು, ನಿನ್ನ ಕೈ ಮುಟ್ಟಿದ್ದು ಎಲ್ಲಿ, ಅಲ್ಲಿಂದ ಶುರುಮಾಡು" ಎಂದರು. ಟಾರ್ಚ್ ಕಚ್ಚಿಕೊಂಡು, ಕನೆಕ್ಟರನ್ನು ಬಿಚ್ಚಿ, ಒಂದೊಂದೇ ಪಿನ್ನನ್ನು ಮೃದುವಾಗಿ ಒತ್ತುತ್ತ ಹೋದೆ. ಎಲ್ಲವೂ ಗಟ್ಟಿ. ಒಂದು ಮಾತ್ರ ಕೂದಲೆಳೆಯಷ್ಟು ಹಿಂದಕ್ಕೆ ಜಾರಿತು. ಪಿನ್ನನ್ನು ಅದರ ಗೂಡಿನೊಳಗೆ ಕೂರಿಸುವಾಗ 'ಟಿಕ್' ಎಂಬ ಸಣ್ಣ ಸದ್ದು ಬೆರಳಿಗೆ ತಾಗಬೇಕು. ಅಂದು ಪಕ್ಕದಲ್ಲಿ ಇನ್ನೊಂದು ವಿಮಾನದ ಎಂಜಿನ್ ಓಡುತ್ತಿತ್ತು, ನಾನು ಆ ಸದ್ದಿಗೆ ಕಾದಿರಲಿಲ್ಲ.

ಪಿನ್ನು ಎ ಬಸ್ಸಿನದು. ಅದು ಸಂಪರ್ಕ ಕಳೆದುಕೊಂಡ ತಕ್ಷಣ ಕಂಪ್ಯೂಟರ್ ಬಿ ಬಸ್ಸಿಗೆ ದಾಟುತ್ತಿತ್ತು, ವಿಮಾನ ನೇರವಾದಾಗ ಪಿನ್ನು ಮತ್ತೆ ಕೂಡುತ್ತಿತ್ತು. ಎರಡು ದಾರಿಗಳಿದ್ದುದರಿಂದ ಪೈಲಟ್‌ಗೆ ಅಪಾಯವಾಗಲಿಲ್ಲ, ಮತ್ತು ಅದೇ ಕಾರಣಕ್ಕೆ ನನ್ನ ತಪ್ಪು ಅಷ್ಟು ದಿನ ಬಚ್ಚಿಟ್ಟುಕೊಂಡಿತ್ತು. ಹಳೆಯ ವ್ಯವಸ್ಥೆಯಲ್ಲಿ ತಂತಿ ಕಡಿದರೆ ಮುಳ್ಳು ನಿಲ್ಲುತ್ತಿತ್ತು, ರೋಗ ಮುಖದ ಮೇಲೇ ಕಾಣುತ್ತಿತ್ತು. ಹೊಸದರಲ್ಲಿ ರೋಗವನ್ನು ದಾಖಲೆಯಲ್ಲಿ ಹುಡುಕಬೇಕು. ಕಂಪ್ಯೂಟರ್ ತನ್ನೊಳಗೆ ಬಸ್ಸಿನ ದೋಷವನ್ನು ಬರೆದಿಟ್ಟಿತ್ತು. ಅದನ್ನು ಹೊರತೆಗೆದು ಓದುವ ಉಪಕರಣ ಆಗ ನಮ್ಮ ಹ್ಯಾಂಗರಿಗೆ ಇನ್ನೂ ಬಂದಿರಲಿಲ್ಲ.

ನನಗೆ ಹೇಳಬೇಕಾದ ಮಾತು ಇಲ್ಲಿದೆ. ವಿಮಾನ ಆಧುನಿಕವಾಗಿ ಬರುತ್ತದೆ; ಅದರ ಹಿಂದೆ ಬರಬೇಕಾದ ಪರೀಕ್ಷಾ ಬೆಂಚು, ಕೈಪಿಡಿ, ತರಬೇತಿ, ಬಿಡಿಭಾಗಗಳ ಪೆಟ್ಟಿಗೆ ಇವೆಲ್ಲ ಒಂದು ವರ್ಷವೋ ಎರಡು ವರ್ಷವೋ ತಡವಾಗಿ, ಕೆಲವೊಮ್ಮೆ ಅರ್ಧ ಮಾತ್ರ, ಬರುತ್ತವೆ. ಆ ನಡುವಿನ ಅವಧಿಯಲ್ಲಿ ಕಾರ್ಪೋರಲ್ ಒಬ್ಬ ತನ್ನ ಮಲ್ಟಿಮೀಟರಿನಿಂದ ಹೊಸ ಶತಮಾನದ ಯಂತ್ರವನ್ನು ಕಾಯುತ್ತಾನೆ. ವಿಮಾನದ ಒಪ್ಪಂದಕ್ಕೆ ಸಹಿ ಬೀಳುವಾಗ ಛಾಯಾಚಿತ್ರ ತೆಗೆಯುತ್ತಾರೆ, ಪರೀಕ್ಷಾ ಬೆಂಚಿನ ಒಪ್ಪಂದಕ್ಕೆ ಯಾರೂ ತೆಗೆಯುವುದಿಲ್ಲ.

ಮೂರನೆಯ ಡೇರಿನ್ ಹೊತ್ತ ಮೊದಲ ಜಾಗ್ವಾರ್ ಬೆಂಗಳೂರಿನಲ್ಲಿ ಹಾರಿದ್ದು 2012ರ ನವೆಂಬರ್‌ನಲ್ಲಿ, ನಾನು ಸಮವಸ್ತ್ರ ಕಳಚಿದ ವರ್ಷವೇ. ಅದರ ಕಂಪ್ಯೂಟರ್ ಮತ್ತು ತಂತ್ರಾಂಶವನ್ನು ಎಚ್‌ಎಎಲ್‌ನ ಬೆಂಗಳೂರು ಕೇಂದ್ರವೇ ರೂಪಿಸಿತು. ಆರಂಭಿಕ ಕಾರ್ಯಾಚರಣೆಯ ಅನುಮತಿ ಸಿಕ್ಕಿದ್ದು 2016ರಲ್ಲಿ. 2017ರ ಆಗಸ್ಟ್‌ನಲ್ಲಿ ಎಇಎಸ್‌ಎ ರೇಡಾರ್ (ಆಂಟೆನಾ ತಿರುಗಿಸದೆಯೇ ಕಿರಣವನ್ನು ಹೊರಳಿಸುವ ರೇಡಾರ್) ಹೊತ್ತ ಜಾಗ್ವಾರ್ ಹಾರಿತು. ಮೂಲ ತಂತ್ರಾಂಶ ನಮ್ಮ ಕೈಯಲ್ಲಿದ್ದರೆ ಹೊಸ ಕ್ಷಿಪಣಿಯೊಂದನ್ನು ಸೇರಿಸಲು ವಿದೇಶಿ ಕಂಪನಿಯ ಬಾಗಿಲು ಬಡಿಯಬೇಕಿಲ್ಲ. ಆದರೆ ಮೊದಲ ಹಾರಾಟಕ್ಕೂ ಅನುಮತಿಗೂ ನಡುವೆ ನಾಲ್ಕು ವರ್ಷ ಕಳೆದರೆ, ವಿನ್ಯಾಸದಲ್ಲಿ ಆರಿಸಿದ ಚಿಪ್ಪುಗಳಿಗೂ ಅಷ್ಟೇ ವಯಸ್ಸಾಗಿರುತ್ತದೆ.

ಇಷ್ಟೆಲ್ಲ ಆದರೂ ಬದಲಾಗದೆ ಉಳಿದದ್ದು ಎಂಜಿನ್. ಪೆಟ್ಟಿಗೆಗಳು, ರೇಡಾರು, ಆಯುಧಗಳು ಸೇರಿದಂತೆ ತೂಕ ಏರಿತು, ಅಡೂರ್ ಎಂಜಿನ್ನಿನ ಬಲ ಏರಲಿಲ್ಲ. ಜೂನ್ ತಿಂಗಳ ಮಧ್ಯಾಹ್ನ, ರನ್‌ವೇ ಕಾವಲಿಯಂತೆ ಕಾದಿರುವಾಗ, ತುಂಬಿದ ಜಾಗ್ವಾರ್ ಓಡುತ್ತ ಓಡುತ್ತ ನೆಲ ಬಿಡುವುದೇ ಇಲ್ಲವೇನೋ ಎಂದು ಉಸಿರು ಹಿಡಿದು ನಿಂತದ್ದುಂಟು. ಬಿಸಿ ಗಾಳಿ ತೆಳು, ತೆಳು ಗಾಳಿಯಲ್ಲಿ ಎಂಜಿನ್ನಿಗೂ ರೆಕ್ಕೆಗೂ ಬಲ ಕಡಿಮೆ. ಹಾಗಾಗಿ ಇಂಧನವನ್ನೋ ಬಾಂಬನ್ನೋ ಇಳಿಸಬೇಕು. ಸುಮಾರು 8,400 ಪೌಂಡ್ ಒತ್ತು ಕೊಡುವ ಅಡೂರ್ 811ರ ಬದಲು 9,850 ಪೌಂಡಿನ ಹನಿವೆಲ್ ಎಂಜಿನ್ ಹಾಕುವ ಯೋಜನೆ ವರ್ಷಗಟ್ಟಲೆ ಎಳೆದಾಡಿ, ಬೆಲೆ ಏರಿ, 2019ರಲ್ಲಿ ನಿಂತುಹೋಯಿತು.

ಶಾಲೆಯ ಪ್ರವಾಸದಲ್ಲಿ ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲಿ ನಿಂತ ಮಾರುತ್ ವಿಮಾನವನ್ನು ನೋಡಿದ್ದೆ. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಮತ್ತು ಎಚ್‌ಎಎಲ್ ಎಂಜಿನಿಯರುಗಳು ರೂಪಿಸಿದ ಅದು 1961ರ ಜೂನ್ 17ರಂದು ಹಾರಿತ್ತು, ಶಬ್ದದ ವೇಗ ಮೀರಿ ಹೋಗಲೆಂದು ಮಾಡಿದ ಚೆಲುವಾದ ದೇಹ. ತಕ್ಕ ಎಂಜಿನ್ ಕೊನೆಗೂ ಸಿಗದೆ ಅದರ ಆಸೆ ಅರ್ಧಕ್ಕೇ ಉಳಿಯಿತು. ಜಾಗ್ವಾರ್‌ನಲ್ಲಿ ಅದೇ ಕಥೆ, ಬೇರೆ ದಶಕದಲ್ಲಿ. 2021ರ ಫೆಬ್ರವರಿಯಲ್ಲಿ ಒಪ್ಪಂದವಾದ 83 ತೇಜಸ್ ಮಾರ್ಕ್-1ಎ ವಿಮಾನಗಳು ತಡವಾಗಲು ಒಂದು ಮುಖ್ಯ ಕಾರಣ ಅಮೆರಿಕದಿಂದ ಬರಬೇಕಾದ ಎಂಜಿನ್ನುಗಳು ಎಂದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಕೊನೆಯ ಬಾರಿ ಹಾರಿದಾಗ, 42 ಸ್ಕ್ವಾಡ್ರನ್ ಇರಬೇಕಾದ ಕಡೆ 29 ಉಳಿದವು. ಅದರ ಹಿಂದಿನ ದಿನವಷ್ಟೇ ಇನ್ನೂ 97 ತೇಜಸ್‌ಗಳ ಒಪ್ಪಂದವಾಗಿತ್ತು. ಅವು ಬರುವ ತನಕ ಜಾಗವನ್ನು ತುಂಬಬೇಕಾದವುಗಳಲ್ಲಿ ನನ್ನ ಜಾಗ್ವಾರ್‌ಗಳೂ ಇವೆ. ಅದೇ ವರ್ಷದ ಮಾರ್ಚ್, ಏಪ್ರಿಲ್ ಮತ್ತು ಜುಲೈನಲ್ಲಿ ಮೂರು ಜಾಗ್ವಾರ್‌ಗಳು ಬಿದ್ದವು. ಕೊನೆಯ ಎರಡರಲ್ಲಿ ಮೂವರು ಪೈಲಟ್‌ಗಳು ಹೋದರು. ಕಾರಣಗಳನ್ನು ಹೇಳುವುದು ತನಿಖೆಯವರ ಕೆಲಸ. ಆದರೆ ಪ್ರತಿ ಸಲವೂ ಸುದ್ದಿ ಬಂದ ಕೂಡಲೇ ನಾನು ಹುಡುಕಿದ್ದು ವಿಮಾನದ ಬಾಲದ ಮೇಲಿನ ಸಂಖ್ಯೆಯನ್ನು, ಅದರಲ್ಲಿ ನಾನು ಕೂರಿಸಿದ ಪಿನ್ನುಗಳು ಇದ್ದವೇ ಎಂದು ತಿಳಿಯಲು.